ದಕ್ಷಿಣಕ್ಕಿಟ್ಟ ದೀಪ

ಸವಣೂರಿನಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಮಹಡಿಯ ಮೇಲಿನ ಒಂದೇ ಕೋಣೆ. ಒಂದು ಮೂಲೆಗೆ ಅಡುಗೆಯ ಕಟ್ಟೆ, ಇನ್ನೊಂದು ಮೂಲೆಗೆ ಬಚ್ಚಲು, ಬಾಗಿಲು ತೆರೆದರೆ ಬಯಲು ಮಾಳಿಗೆ. ಅಲ್ಲಿ ನಿಂತರೆ ಒಂದು ಕಡೆ ವೀಳ್ಯದ ಎಲೆತೋಟಗಳ ಹಸಿರು, ಇನ್ನೊಂದು ಕಡೆ ಹಳೆಯ ಮಸೀದಿಯ ಮಿನಾರು ಕಾಣುತ್ತಿದ್ದವು. ಸಂಜೆಯಾದರೆ ಓಣಿಯ ತುದಿಯ ಖಾರದ ಅಂಗಡಿಯಿಂದ ಕಾದ ಎಣ್ಣೆಯ ವಾಸನೆ ಮೇಲೇರಿ ಬರುತ್ತಿತ್ತು. ಗಂಡ ತೀರಿಕೊಂಡ ಮರುವರ್ಷ ವರ್ಗ ಮಾಡಿಸಿಕೊಂಡು ಇಲ್ಲಿಗೆ ಬಂದೆ. ಹತ್ತಿರದ ಹಳ್ಳಿಯೊಂದರ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಮಕ್ಕಳಿಲ್ಲ.

ಗಂಡ ಬಸ್ ಕಂಡಕ್ಟರ್ ಆಗಿದ್ದರು. ದಿನವಿಡೀ ಜನರ ನಡುವೆ ನಿಂತು, ಕೂಗಿ, ಜಗಳ ಬಿಡಿಸಿ ಮನೆಗೆ ಬಂದ ಮೇಲೆ ಅವರಿಗೆ ಮಾತು ಬೇಡವಾಗುತ್ತಿತ್ತು. ಊಟ ಮಾಡಿ ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಿದ್ದರು. ನಾನೂ ಕೂಡುತ್ತಿದ್ದೆ. ಇಬ್ಬರು ಮಾತಿಲ್ಲದೆ ಕೂಡುವುದು ಬೇರೆ, ಒಬ್ಬಳೇ ಮಾತಿಲ್ಲದೆ ಕೂಡುವುದು ಬೇರೆ ಎನ್ನುವುದು ಸವಣೂರಿಗೆ ಬಂದ ಮೇಲೆ ನನಗೆ ತಿಳಿಯಿತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ಸೋಮವಾರ ಹಾಜರಿ ಕರೆಯುವವರೆಗೆ ಬಾಯಿ ಬಿಡದೆ ಇದ್ದ ವಾರಗಳೂ ಉಂಟು. ಸೋಮವಾರ ಮೊದಲ ಹೆಸರು ಕರೆಯುವಾಗ ಒಮ್ಮೆ ಕೆಮ್ಮಿ ದನಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ತವರು ಹಿರೇಕೆರೂರು ತಾಲ್ಲೂಕಿನಲ್ಲಿ, ಹಂಸಭಾವಿಯ ಹತ್ತಿರ. ಅಲ್ಲಿ ಅಣ್ಣನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗಿದ್ದೆ. ಹುಡುಗಿಗೆ ಹಸಿರು ಸೀರೆ ಉಡಿಸಿ ಕೂಡಿಸಿದ್ದರು. ನಾನು ಎತ್ತಿ ಆಡಿಸಿದ ಕೂಸು. ಆರತಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿದ್ದಾಗ ನಾನೂ ಎದ್ದೆ. ಅತ್ತಿಗೆ ಬಂದು ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ನೀ ಒಳಗ ಹೋಳಿಗಿ ನೋಡ್ಕೋ ಹೋಗ. ಹೊರಗ ಮುತ್ತೈದೇರು ಮಾಡ್ತಾರ," ಅಂದಳು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಅಡುಗೆಮನೆಯಲ್ಲಿ ಹೋಳಿಗೆ ಸುಡುತ್ತಿದ್ದದ್ದೂ ನಿಜ. ನಮ್ಮವರಲ್ಲಿ ಇಂಥ ಭೇದವಿಲ್ಲವೆಂದು ಭಾಷಣಗಳಲ್ಲಿ ಕೇಳಿದ್ದೇನೆ. ನನ್ನ ಕೊರಳಲ್ಲೂ ಲಿಂಗವಿತ್ತು, ಬೆಳಗಿನ ಪೂಜೆಯನ್ನೂ ತಪ್ಪಿಸಿದವಳಲ್ಲ. ಆದರೂ ಅವತ್ತು ಹಂಚಿನ ಮುಂದೆ ನಿಂತು ಹೋಳಿಗೆ ತಿರುವಿ ಹಾಕುತ್ತ, ಹೊರಗಿನ ಆರತಿ ಹಾಡನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡೆ. ಆಮೇಲೆ ತವರಿಗೆ ಹೋಗುವುದು ಕಡಿಮೆಯಾಯಿತು.

ಅದೇ ವರ್ಷ ಒಂಬತ್ತನೆಯ ತರಗತಿಗೆ ಪಾಠ ತಯಾರಿ ಮಾಡಿಕೊಳ್ಳುವಾಗ ಎಲಿಮೆಂಟ್ಸ್ ಎಂಬ ಇಂಗ್ಲಿಷ್ ಪದ ಬಂತು, ಪಂಚಭೂತ ಎನ್ನುವಾಗಿನ ಭೂತಗಳು ಎಂಬ ಅರ್ಥದ್ದು. ವಿಜ್ಞಾನದ ಮೂಲವಸ್ತುಗಳಿಗೂ ಅದೇ ಪದ, ಹಳೆಯ ಕಾಲದ ಮಣ್ಣು, ನೀರು, ಬೆಂಕಿ, ಗಾಳಿಗೂ ಅದೇ ಪದ. ಮಕ್ಕಳು ಕೇಳಿದರೆ ಏನು ಹೇಳಲಿ ಎಂದು ಫೋನಿನಲ್ಲಿ ಹುಡುಕುತ್ತ ಹೋದೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಈ ನಾಲ್ಕನ್ನು ಇವತ್ತಿಗೂ ಪೂಜ್ಯವೆಂದು ನಂಬುವ ಜನರ ಪುಟಕ್ಕೆ ಬಂದು ನಿಂತೆ. ಅವರು ತಮ್ಮನ್ನು ಪೇಗನ್ನರು ಎಂದು ಕರೆದುಕೊಳ್ಳುತ್ತಾರೆ. ಹೆಚ್ಚಿನವರು ಚರ್ಚಿಗೆ ಹೋಗುವ ಮನೆಗಳಲ್ಲಿ ಬೆಳೆದು, ಅದನ್ನು ಬಿಟ್ಟು, ಸೂರ್ಯ, ಚಂದ್ರ, ಋತು, ನೆಲ ಇವುಗಳ ಕಡೆ ತಿರುಗಿದವರು. ನೆಲದ ಮೇಲೆ ಒಂದು ವೃತ್ತ ಹಾಕಿಕೊಂಡು, ಅದರೊಳಗೆ ನಿಂತು, ನಾಲ್ಕು ದಿಕ್ಕಿಗೆ ತಿರುಗಿ ನಾಲ್ಕು ಭೂತಗಳನ್ನು ಕರೆಯುತ್ತಾರೆ. ಮೂಡಣಕ್ಕೆ ಗಾಳಿ, ಅದು ವಿಚಾರ. ದಕ್ಷಿಣಕ್ಕೆ ಬೆಂಕಿ, ಅದು ಛಲ. ಪಡುವಣಕ್ಕೆ ನೀರು, ಅದು ಭಾವ. ಉತ್ತರಕ್ಕೆ ಮಣ್ಣು, ಅದು ದೇಹ ಮತ್ತು ನೆಲೆ. ನಡುವೆ ಐದನೆಯದು, ಅದಕ್ಕೆ ಅವರು ಆತ್ಮ ಎನ್ನುತ್ತಾರೆ. ನಾನು ಆಕಾಶ ಅಂದುಕೊಂಡೆ.

ಇದೆಲ್ಲ ನನಗೆ ತೀರ ಹೊಸದಾಗಿ ಕಾಣಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಗುಂಪಿಲ್ಲದೆ ಒಬ್ಬೊಬ್ಬರೇ ಆಚರಿಸುವವರೂ ಅವರಲ್ಲಿ ಬಹಳ ಮಂದಿ ಇದ್ದರು. ಅಂಥವರಿಗೆ ಒಂದು ಹೆಸರೇ ಇತ್ತು, ಒಂಟಿ ಸಾಧಕರು ಎನ್ನಬಹುದು. ಅವರು ಹೇಗೆ ವೃತ್ತ ಹಾಕಬೇಕು, ಹೇಗೆ ಬಿಚ್ಚಬೇಕು ಎಂದು ಉದ್ದಕ್ಕೆ ಬರೆದಿತ್ತು. ಮುತ್ತೈದೆ ಬೇಕು, ಜೋಡಿ ಬೇಕು, ಐದು ಜನ ಬೇಕು ಎಂದು ಎಲ್ಲೂ ಇರಲಿಲ್ಲ. ಆ ಪುಟವನ್ನು ಎರಡು ಸಲ ಓದಿದೆ. ಮಕ್ಕಳ ಪಾಠ ಅಲ್ಲಿಗೇ ಉಳಿಯಿತು.

ಒಂಟಿ ಸಾಧಕರು ಬರೆದುಕೊಳ್ಳುವ ಒಂದು ಜಾಗ ಅಂತರ್ಜಾಲದಲ್ಲಿತ್ತು. ಅಲ್ಲಿ ಅಂಜುತ್ತಲೇ ಒಂದು ಪ್ರಶ್ನೆ ಹಾಕಿದೆ: ನಮ್ಮಲ್ಲಿ ಮುಂಗಾರಿನ ಗಾಳಿ ಬರುವುದು ಪಶ್ಚಿಮದಿಂದ, ಹಾಗಿದ್ದ ಮೇಲೆ ಗಾಳಿಯನ್ನು ಮೂಡಣಕ್ಕೆ ಏಕೆ ಇಡಬೇಕು? ಉತ್ತರ ಬರೆದವಳು ಇಂಗ್ಲೆಂಡಿನ ಸಮುದ್ರದಂಡೆಯ ಒಂದು ಸಣ್ಣ ಊರಿನ ಹೆಂಗಸು. ಅರವತ್ತು ದಾಟಿದವಳು, ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಮಾಡಿ ಬಿಟ್ಟವಳು. ಅವಳೂ ಒಬ್ಬಳೇ. "ನಮ್ಮಲ್ಲಿ ಸಮುದ್ರ ಪಶ್ಚಿಮಕ್ಕಿದೆ, ಅದಕ್ಕೆ ನೀರು ಅಲ್ಲಿ. ಆಸ್ಟ್ರೇಲಿಯಾದವರು ಬೆಂಕಿಯನ್ನು ಉತ್ತರಕ್ಕೆ ಇಡುತ್ತಾರೆ, ಅವರಿಗೆ ಸೂರ್ಯ ಆ ಕಡೆಗೆ. ನಿನ್ನ ಗಾಳಿ ಎಲ್ಲಿಂದ ಬರುತ್ತದೋ ಅಲ್ಲಿ ಇಡು," ಎಂದು ಬರೆದಿದ್ದಳು. ಓದಿ ಸಂತೋಷವಾಯಿತು. ಆದರೆ ಇಷ್ಟು ವರ್ಷ ಮಕ್ಕಳಿಗೆ ಪುಸ್ತಕದಲ್ಲಿದ್ದಂತೆ ಬರೆಯಿರಿ ಎಂದು ಹೇಳಿದವಳು ನಾನು. ಮೊದಲು ಪುಸ್ತಕದಲ್ಲಿದ್ದಂತೆಯೇ ಮಾಡೋಣ ಎಂದುಕೊಂಡೆ.

ಮೂಡಣಕ್ಕೆ ಊದಿನಕಡ್ಡಿ, ಪಡುವಣಕ್ಕೆ ತಂಬಿಗೆಯಲ್ಲಿ ನೀರು, ದಕ್ಷಿಣಕ್ಕೆ ದೀಪ. ಉತ್ತರಕ್ಕೆ ಬೇಕಾದ ಮಣ್ಣನ್ನು ಹಾನಗಲ್ ಕಡೆಯ ಗಂಡನ ಊರಿನಿಂದ ತಂದೆ. ಅವರ ವರ್ಷದ ದಿನಕ್ಕೆ ಹೋದಾಗ, ಎಲ್ಲರೂ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಹೊಲಕ್ಕೆ ಹೋಗಿ, ಅವರನ್ನು ಹೂತ ಜಾಗದ ಮಗ್ಗುಲಿನಿಂದ ಒಂದು ಹಿಡಿ ಮಣ್ಣನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡು ಬಂದಿದ್ದೆ. ಬೇರೆ ಮಣ್ಣು ಎಲ್ಲಿಂದ ತರಬೇಕೆಂದು ನನಗೆ ಹೊಳೆಯಲೂ ಇಲ್ಲ.

ವೃತ್ತ ಹಾಕಲು ಪೇಗನ್ನರು ಚೂರಿ ಬಳಸುತ್ತಾರೆ. ನಾನು ಬೆರಳು ತೋರಿಸಿ ಪ್ರದಕ್ಷಿಣೆ ಬಂದೆ. ಮೊದಲ ವಾರ ಫೋನು ನೋಡಿಕೊಂಡು ಇಂಗ್ಲಿಷಿನಲ್ಲೇ ಕರೆದೆ. ಪದ್ಯ ಬಾಯಿಪಾಠ ಒಪ್ಪಿಸಿದಂತಾಯಿತು. ಮುಂದಿನ ವಾರ ಫೋನು ಪಕ್ಕಕ್ಕಿಟ್ಟೆ. ಮನೆಗೆ ಬಂದವರನ್ನು ನಾವು ಹೇಗೆ ಕರೆಯುತ್ತೇವೆ? ಹಾಗೆಯೇ ಕರೆದೆ. ಊದಿನಕಡ್ಡಿಯ ಹೊಗೆಗೆ, ದೀಪಕ್ಕೆ, ತಂಬಿಗೆಗೆ, ಬಟ್ಟಲಿನ ಮಣ್ಣಿಗೆ ಒಂದೊಂದು ಸಲ ತಲೆಬಾಗಿ, "ಬರ್ರಿ, ಕೂಡ್ರಿ," ಅಂದೆ. ಆ ಕೋಣೆಯಲ್ಲಿ ಆ ಮಾತು ಕೇಳಿಸಿದ್ದು ಅದೇ ಮೊದಲು. ಹೇಳಿದ ಮೇಲೆ ನಾನೂ ನಡುವೆ ಕೂತೆ. ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಸೋಮವಾರ ಸಂಜೆ ಏಳಕ್ಕೆ ಎಂದು ನಾನೂ ಇಂಗ್ಲೆಂಡಿನ ಆ ಹೆಂಗಸೂ ಗೊತ್ತು ಮಾಡಿಕೊಂಡೆವು. ಅವಳಿಗೆ ಅದು ಮಧ್ಯಾಹ್ನ. ಅವಳು ಅಲ್ಲಿ, ನಾನು ಇಲ್ಲಿ, ಒಂದೇ ಹೊತ್ತಿಗೆ ನಾಲ್ಕು ದಿಕ್ಕಿಗೆ ತಿರುಗುವುದು. ಮುಗಿದ ಮೇಲೆ ನಾಲ್ಕು ಸಾಲು ಬರೆಯುತ್ತಿದ್ದಳು. ಇವತ್ತು ಮೇಣಬತ್ತಿ ಎರಡು ಸಲ ಆರಿತು. ಇವತ್ತು ನೀರಿಗೆ ಸಮುದ್ರದಿಂದಲೇ ತಂದೆ, ಕೋಣೆಯೆಲ್ಲ ಪಾಚಿಯ ವಾಸನೆ. ನಾನೂ ಬರೆಯುತ್ತಿದ್ದೆ. ಎರಡು ಮಳೆಗಾಲ ಹೀಗೆ ನಡೆಯಿತು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಬೇಕೆಂದು ಕೇಳಲೂ ಇಲ್ಲ. ಶಾಲೆಯಲ್ಲಿ ಸೋಮವಾರ ನಾನು ಗೆಲುವಾಗಿರುತ್ತೇನೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಏನೆಂದು ಹೇಳಲಿ? ನಕ್ಕು ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ಹೋದೆ.

ಕೆಳಗಿನ ಮನೆಯಲ್ಲಿ ಮನೆಯ ಯಜಮಾನರು, ಅವರ ಹೆಂಡತಿ ಇದ್ದರು. ಎಲೆಯ ವ್ಯಾಪಾರದ ಮನೆತನ. ಹೆಂಡತಿ ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅವರನ್ನು ಅವ್ವಾರ ಎನ್ನುತ್ತಿದ್ದೆ. ಶಿಕ್ಷಕಿಯರನ್ನು ಅಕ್ಕಾರ ಎನ್ನುವುದು ನಮ್ಮ ಕಡೆಯ ರೂಢಿ, ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು. ನಲ್ಲಿಯ ನೀರು ಬಂದಾಗ ಕೂಗಿ ಹೇಳುವುದು, ಹಬ್ಬಕ್ಕೆ ಕಡುಬು ಕಳಿಸುವುದು, ಅಷ್ಟರಮಟ್ಟಿನ ಬಳಕೆ ನಮ್ಮದು.

ಒಂದು ಸೋಮವಾರ ನಾನು ವೃತ್ತದ ನಡುವೆ ಕೂತಿದ್ದಾಗ ಬಾಗಿಲು ಬಡಿದ ಸಪ್ಪಳವಾಯಿತು. ಚಿಲಕ ಹಾಕಿರಲಿಲ್ಲ, ಬಾಗಿಲು ತಾನೇ ಸರಿಯಿತು. ಅವ್ವಾರು ಕೈಯಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದರು.

"ಅಕ್ಕಾರ, ಯಾರ್ ಬಂದಾರ್ರಿ?"

"ಯಾರೂ ಇಲ್ರಿ ಅವ್ವಾರ."

"ಬರ್ರಿ, ಕೂಡ್ರಿ ಅನ್ನಾಕತ್ತಿದ್ರಲ್ಲ. ಹ್ವಾದ ವಾರನೂ ಕೇಳಿದ್ದೆ. ಮಂದಿ ಬಂದಾರು, ಚಹಾಕ್ಕ ಹಾಲು ಬೇಕಾದೀತು ಅಂತ ತಂದೇನಿ."

ಹೇಳುತ್ತ ಹೇಳುತ್ತ ಅವರ ಕಣ್ಣು ನೆಲದ ಮೇಲೆ ಹೋಯಿತು. ಒಂದೊಂದನ್ನೇ ನೋಡಿದರು. ಹೊಸ್ತಿಲ ಆಚೆಯೇ ನಿಂತರು.

"ಇದೇನ್ರಿ ಇದು?"

"ಗಾಳಿ, ಬೆಂಕಿ, ನೀರು, ಮಣ್ಣು. ಇವನ್ನ ಕರದು ಒಂದ ಗಳಿಗಿ ಸುಮ್ನ ಕುಂದರತೇನ್ರಿ. ಮತ್ತೇನಿಲ್ಲ."

"ಹಂಗಾರ ದೇವರು ಎಲ್ಲಿ?"

ಎಷ್ಟೋ ಪುಟ ಓದಿದ್ದೆ, ಅವುಗಳಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಎದ್ದು ನಿಂತೆ.

"ದೀಪ ದಕ್ಷಿಣಕ್ಕ ಇಟ್ಟೀರಲ್ಲ ಅಕ್ಕಾರ. ಅದು ಯಮನ ದಿಕ್ಕ. ಯಾರಿಗಿಟ್ಟೀರಿ ಅದನ್ನ?"

ಅವರು ಕೇಳಿದ್ದು ಹೆದರಿಕೆಯಿಂದ. ನನಗೆ ಮಾತ್ರ ಯಾರೋ ಎದೆಯ ಮೇಲೆ ಕೈಯಿಟ್ಟಂತಾಯಿತು. ದಕ್ಷಿಣಕ್ಕೆ ದೀಪ ಇಡುವುದು ಸತ್ತವರಿಗೆಂದು ಹಂಸಭಾವಿಯ ಕಡೆ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ? ಅವ್ವ ಇದ್ದಿದ್ದರೆ ಕೈಗೆ ಹೊಡೆಯುತ್ತಿದ್ದಳು. ಎರಡು ವರ್ಷ ವಾರಕ್ಕೊಮ್ಮೆ ಬತ್ತಿ ಹೊಸೆದು ಆ ದಿಕ್ಕಿಗೆ ಹಚ್ಚಿ, ಬರ್ರಿ ಅಂದವಳು ನಾನು. ಪುಸ್ತಕದಲ್ಲಿದೆ, ಅದಕ್ಕೆ ಇಟ್ಟೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಮತ್ತ ಈ ಮಣ್ಣು? ಎಲ್ಲಿಂದ ಇದು?"

"ನಮ್ಮ ಹೊಲದ್ದು," ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಅವರನ್ನ ಮಣ್ಣು ಮಾಡಿದ ಹೊಲದ್ದು."

ಅವ್ವಾರು ಸೆರಗಿನ ತುದಿಯನ್ನು ಎಳೆದು ಹಾಲಿನ ಲೋಟದ ಬಾಯಿ ಮುಚ್ಚಿದರು. ನನ್ನ ಕೋಣೆಯ ಗಾಳಿ ಅದಕ್ಕೆ ತಾಗಬಾರದು ಎನ್ನುವ ಹಾಗೆ.

"ಅಕ್ಕಾರ, ನೀವು ಓದಿದಾಕಿ. ನಾ ನಿಮಗ ಮಾಟ ಮಾಡ್ತೀರಿ ಅನ್ನಂಗಿಲ್ಲ. ಆದ್ರ ಇದು ನಾಕು ಮಂದಿ ಬಾಳೋ ಮನಿ. ನಾಳೆ ಹೊತ್ತು ಮುಳುಗೂದ್ರೊಳಗ ಆ ಮಣ್ಣು ಈ ಮನಿಯಾಗ ಇರಬಾರ್ದು. ಇಲ್ಲಾಂದ್ರ ನೀವು ಬ್ಯಾರೆ ಮನಿ ನೋಡ್ಕೋರಿ."

ಹಾಲು ತೆಗೆದುಕೊಂಡೇ ಇಳಿದು ಹೋದರು. ಮೆಟ್ಟಿಲ ಮೇಲೆ ಅವರ ಕೈಬಳೆಗಳ ಸಪ್ಪಳ ಕೆಳಗಿನವರೆಗೂ ಕೇಳಿಸಿತು.

ಮರುದಿನ ಶಾಲೆಗೆ ರಜೆ ಹಾಕಿ, ಬಂಕಾಪುರದಲ್ಲಿ ಬಸ್ಸು ಬದಲಿಸಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಾನಗಲ್ಲಿಗೆ ಹೋದೆ. ಆ ದಾರಿಯ ಬಸ್ಸುಗಳಲ್ಲಿ ಅವರು ಎಷ್ಟೋ ವರ್ಷ ನಿಂತು ಓಡಾಡಿದ್ದರು. ಈಗಿನ ಕಂಡಕ್ಟರು ಇನ್ನೂ ಹರೆಯದವನು, ನನ್ನ ಗುರುತಿಲ್ಲ. ಡಬ್ಬಿ ನೋಡಿ, "ಊಟದ ಡಬ್ಬಿ ಓರಿ ಮಾಡಬ್ಯಾಡ್ರಿ ಅವ್ವ, ಸೋರತೈತಿ," ಅಂದ.

ಊರಿನಲ್ಲಿ ಮೈದುನ ಗದ್ದೆಯ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ. ನನ್ನನ್ನು ಕಂಡು ಕುಡುಗೋಲು ಕೆಳಗಿಟ್ಟು ಎದ್ದು ಬಂದ.

"ಏನ್ ಹಿಂಗ ಅವಚಿತ್ ಬಂದ್ರಿ ಅತ್ತಿಗಿ? ಆರಾಮ ಅದೀರಿಲ್ಲೊ?"

"ಆರಾಮ ಅದೇನಿ."

"ಅಣ್ಣನ ಜಾಗ ಬಿಟ್ಟ ನಾಟಿ ಮಾಡೇನಿ ನೋಡ್ರಿ," ಎಂದು ತೋರಿಸಿದ. ಭತ್ತದ ಹಸಿರಿನ ಅಂಚಿಗೆ, ದಿಬ್ಬದ ಮೇಲೆ ಒಂದು ಚಾಪೆಯಷ್ಟು ಅಗಲ ಹುಲ್ಲು ಬೆಳೆದಿತ್ತು. ನಾನು ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಡಬ್ಬಿ ತೆರೆದು ಮಣ್ಣು ಸುರಿದೆ. ಎರಡು ವರ್ಷ ಬಟ್ಟಲಲ್ಲಿದ್ದ ಮಣ್ಣು ಒಣಗಿ ಬೆಳ್ಳಗಾಗಿತ್ತು. ನೆಲದ್ದು ಹಸಿಯಾಗಿ ಕಪ್ಪಗಿತ್ತು. ಕೈಯಿಂದ ಸವರಿ ಕೂಡಿಸಿದೆ.

"ಏನ್ರಿ ಅದು?" ಮೈದುನ ಕೇಳಿದ.

"ಇಲ್ಲೀದ ಮಣ್ಣು. ಒಯ್ದಿದ್ದೆ. ತಿರುಗಿ ಹಾಕಾಕ ಬಂದೆ."

ಅವನು ಬಗ್ಗಿ ಆ ಮಣ್ಣು ನೋಡಿದ. "ಇಷ್ಟಕ್ಕ ಯಾಕ ಬಂದ್ರಿ? ಬೇಕಂದಿದ್ರ ನಾನ ಒಂದ ಚೀಲ ತುಂಬಿ ಬಸ್ಸಿಗೆ ಹಾಕ್ತಿದ್ದೆ," ಅಂದ. ತಮಾಷೆಗೆ ಹೇಳಿದ್ದಲ್ಲ. ಮಣ್ಣು ಬೇಕಾಗಿತ್ತು, ಕಡಿಮೆ ಬಿದ್ದಿತ್ತು ಎಂದೇ ಅವನು ತಿಳಿದಿದ್ದ. ಅಲ್ಲಿ ಗಂಡನಿಗೆ ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವನು ಪಕ್ಕದಲ್ಲೇ ನಿಂತಿದ್ದ, ಡಬ್ಬಿಯ ಮುಚ್ಚಳ ಹಾಕಿ ಎದ್ದೆ. ಮನೆಯಲ್ಲಿ ನೆಗೆಣ್ಣಿ, ಮೈದುನನ ಹೆಂಡತಿ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ಮೂರರ ಬಸ್ಸಿಗೆ ಹೊರಟೆ. ಖಾಲಿ ಡಬ್ಬಿಯನ್ನು ತೊಳೆದು ಅದರ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾಹಿಂಡಿಯ ಪುಡಿ ಹಾಕಿ ಕೊಟ್ಟಿದ್ದಳು.

ಹೊತ್ತು ಮುಳುಗುವ ಮೊದಲೇ ಸವಣೂರಿಗೆ ಬಂದು, "ಹೊಲಕ್ಕ ಹಾಕಿ ಬಂದೇನ್ರಿ," ಎಂದು ಕೆಳಗಿನ ಬಾಗಿಲಲ್ಲಿ ನಿಂತು ಹೇಳಿದೆ. "ಛಲೋ ಆತು," ಎಂದರು ಅವ್ವಾರು. ಒಳಗೆ ಬನ್ನಿ ಎನ್ನಲಿಲ್ಲ. ಮುಂದಿನ ಹಬ್ಬಕ್ಕೆ ಕಡುಬು ಮೇಲೆ ಬರಲಿಲ್ಲ.

ನಡೆದದ್ದನ್ನೆಲ್ಲ ಇಂಗ್ಲೆಂಡಿನ ಗೆಳತಿಗೆ ಬರೆದೆ. ಅಷ್ಟು ಉದ್ದದ ಪತ್ರ ನಾನು ಯಾರಿಗೂ ಬರೆದವಳಲ್ಲ. ಗಂಡನ ಸುದ್ದಿಯನ್ನು ಅವಳಿಗೆ ಹೇಳಿದ್ದೂ ಅದೇ ಮೊದಲು. ದಕ್ಷಿಣದ ದೀಪವೆಂದರೆ ನಮ್ಮಲ್ಲಿ ಏನು, ಅದನ್ನು ತಿಳಿಯದವಳಂತೆ ನಾನು ಹೇಗೆ ಇದ್ದೆ, ಎಲ್ಲವನ್ನೂ ಬರೆದೆ. ಸೋಮವಾರ ಬಂತು, ಹೋಯಿತು. ಇನ್ನೊಂದು ಸೋಮವಾರವೂ ಹೋಯಿತು. ಮೂರನೆಯ ವಾರ ಉತ್ತರ ಬಂತು.

ತಡವಾಯಿತು, ಕ್ಷಮಿಸು ಎಂದು ಶುರು ಮಾಡಿದ್ದಳು. ಅವಳ ಊರಿನಲ್ಲೇ ಒಂದು ಬಳಗ ಸಿಕ್ಕಿತ್ತಂತೆ, ಅವಳೂ ಸೇರಿ ಏಳು ಮಂದಿ. ಹುಣ್ಣಿಮೆಯ ದಿನ ನದಿ ಸಮುದ್ರಕ್ಕೆ ಸೇರುವಲ್ಲಿ ಎಲ್ಲರೂ ಕೈ ಹಿಡಿದು ವೃತ್ತ ಮಾಡಿದರಂತೆ. ಇಷ್ಟು ವರ್ಷ ನಾಲ್ಕೂ ದಿಕ್ಕನ್ನು ತಾನೇ ಕರೆಯುತ್ತಿದ್ದವಳಿಗೆ ಬೇರೆಯವರು ಕರೆಯುವುದನ್ನು ಕಣ್ಣು ಮುಚ್ಚಿ ಕೇಳುವುದೇ ಒಂದು ಸುಖ ಎಂದಿದ್ದಳು. ಸೋಮವಾರದ ಹೊತ್ತು ಇನ್ನು ನನಗೆ ಆಗುವುದಿಲ್ಲ, ಆದರೆ ಆಗಾಗ ಬರೆಯುತ್ತೇನೆ. ನಿನ್ನ ಗಂಡನ ವಿಷಯ ಓದಿ ಬಹಳ ಹೊತ್ತು ಕಿಟಕಿಯ ಹತ್ತಿರ ಕೂತಿದ್ದೆ, ಎಂದೂ ಬರೆದಿದ್ದಳು. ಜೊತೆಗೆ ಒಂದು ಫೋಟೊ ಇತ್ತು. ಏಳು ಹೆಂಗಸರು ಮಳೆಕೋಟು ಹಾಕಿಕೊಂಡು ನಗುತ್ತಿದ್ದರು. ಅವರಲ್ಲಿ ಅವಳು ಯಾರೆಂದು ಹೇಳಿರಲಿಲ್ಲ. ಒಬ್ಬೊಬ್ಬರನ್ನೂ ದೊಡ್ಡದು ಮಾಡಿ ನೋಡಿದೆ. ಗೊತ್ತಾಗಲಿಲ್ಲ.

ಅವಳ ಮೇಲೆ ಸಿಟ್ಟು ಬರಲಿಲ್ಲ. ಅಂಥ ಬಳಗ ಸಿಕ್ಕಿದ್ದರೆ ನಾನೂ ಹೋಗುತ್ತಿದ್ದೆ. ತುಂಬಾ ಸಂತೋಷ ಎಂದು ಎರಡು ಸಾಲು ಬರೆದೆ. ಆಮೇಲೆ ಕೆಲವು ತಿಂಗಳು ಏನನ್ನೂ ಕರೆಯಲಿಲ್ಲ. ತಂಬಿಗೆ ಅಡುಗೆಗೆ ಹೋಯಿತು, ದೀಪ ಲಿಂಗಪೂಜೆಯ ಜಾಗಕ್ಕೆ ಹೋಯಿತು.

ಆ ಚಳಿಗಾಲದಲ್ಲಿ ಶಾಲೆಯಿಂದ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಗೆ ಪ್ರವಾಸ ಹೋದೆವು. ಅಲ್ಲಿಯ ಶಿಲ್ಪವನದಲ್ಲಿ ಹಳ್ಳಿಯ ಜನರನ್ನೆಲ್ಲ ನಿಜದ ಅಳತೆಗೆ ಮಾಡಿ ನಿಲ್ಲಿಸಿದ್ದಾರೆ. ಒಂದು ಕಡೆ ಮನೆಮಂದಿಯೆಲ್ಲ ಕೂತಂತೆ ಇತ್ತು. ಕಾಲು ನೋಯುತ್ತಿದ್ದವು, ನಾನು ಅವರ ಎದುರಿನ ಕಟ್ಟೆಯ ಮೇಲೆ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ನಮ್ಮ ಹುಡುಗಿಯರು ಹುಡುಕಿಕೊಂಡು ಬಂದರು. ಅವರಲ್ಲಿ ಒಬ್ಬಳು ನನ್ನನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, "ಅಯ್ಯ ಅಕ್ಕಾರ! ಗೊಂಬಿ ಅಂತ ತಿಳದ್ವಿ," ಎಂದು ಬಾಯಿ ಮುಚ್ಚಿಕೊಂಡಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಹಿಂದಿರುಗುವಾಗ ಕೈಬೆರಳುಗಳನ್ನು ಮತ್ತೆ ಮತ್ತೆ ಮಡಿಸಿ ಬಿಡಿಸಿ ನೋಡಿಕೊಂಡೆ.

ಬೇಸಿಗೆ ಕಳೆಯಿತು. ಮುಂಗಾರಿಗೆ ಮುಂಚಿನ ಒಂದು ಸಂಜೆ, ಸೋಮವಾರವೂ ಅಲ್ಲ, ಸೆಕೆಗೆ ಒಳಗಿರಲಾಗದೆ ಮಾಳಿಗೆಯ ಮೇಲೆ ಬಂದೆ. ಕರೆಂಟು ಹೋಗಿತ್ತು. ಬೆಳಕಿಗೆಂದು ತಂದ ದೀಪವನ್ನು ಗೋಡೆಯ ಮರೆಗೆ ಇಟ್ಟೆ. ಕುಡಿಯಲು ತಂದ ನೀರಿನ ತಂಬಿಗೆ ಪಕ್ಕದಲ್ಲಿತ್ತು. ಬೇಕೆಂದು ಇಟ್ಟದ್ದು ಯಾವುದೂ ಇರಲಿಲ್ಲ. ಪಡುವಣದಲ್ಲಿ, ಹಾನಗಲ್ಲಿನ ದಿಕ್ಕಿನಲ್ಲಿ, ಮೋಡ ಕಪ್ಪಾಗಿ ಏರುತ್ತಿತ್ತು. ಆ ಕಡೆಗೆ ಮುಖ ಮಾಡಿ ಕೂತು, ಎಷ್ಟೋ ತಿಂಗಳ ಮೇಲೆ ಮೆಲ್ಲಗೆ, "ಬರ್ರಿ," ಅಂದೆ.

ಬೆನ್ನ ಹಿಂದೆ ಬಳೆ ಸಪ್ಪಳವಾಯಿತು. ಒಣಹಾಕಿದ ಬಟ್ಟೆ ತೆಗೆಯಲು ಅವ್ವಾರು ಮೇಲೆ ಬಂದಿದ್ದರು. ನನ್ನನ್ನೂ ದೀಪವನ್ನೂ ನೋಡಿದರು. ದೀಪ ಯಾವ ದಿಕ್ಕಿಗಿದೆಯೆಂದು ಲೆಕ್ಕ ಹಾಕಿದಂತೆ ಕಂಡಿತು. ಹಗ್ಗದಿಂದ ಒಂದೊಂದೇ ಬಟ್ಟೆ ಎಳೆದು ತೋಳಿನ ಮೇಲೆ ಹಾಕಿಕೊಳ್ಳುತ್ತ ಕೇಳಿದರು:

"ಇವತ್ತ ಯಾರ್ನ ಕರದ್ರಿ ಅಕ್ಕಾರ?"

"ಗಾಳೀನ ಕರದೇನ್ರಿ."

ಅಷ್ಟರಲ್ಲಿ ಎಲೆತೋಟದ ಕಡೆಯಿಂದ ಧೂಳು ಎತ್ತಿಕೊಂಡು ಗಾಳಿ ಬೀಸಿತು. ಹಗ್ಗದ ಮೇಲೆ ಉಳಿದಿದ್ದ ಸೀರೆ ಹಾರಿ ಅವರ ಮುಖಕ್ಕೆ ಸುತ್ತಿಕೊಂಡಿತು. ಬಿಡಿಸಿಕೊಂಡು, "ಬಂತಲ್ಲ," ಅಂದರು. ನಕ್ಕರೋ ಇಲ್ಲವೋ, ಕತ್ತಲಲ್ಲಿ ಕಾಣಲಿಲ್ಲ. ಕೂಡ್ರಿ ಎಂದು ನಾನು ಹೇಳಬಹುದಿತ್ತು. ಹೇಳುವಷ್ಟರಲ್ಲಿ ಅವರು ಬಟ್ಟೆಯ ಹೊರೆಯೊಂದಿಗೆ ಮೆಟ್ಟಿಲು ಇಳಿಯುತ್ತಿದ್ದರು.

ದೀಪ ಆರಿತು. ಮತ್ತೆ ಹಚ್ಚಲಿಲ್ಲ. ಮೊದಲ ಹನಿಗಳು ಬಿದ್ದು ಮಾಳಿಗೆಯ ಕಾವು ಮೇಲೇಳುವವರೆಗೆ ಅಲ್ಲೇ ಕೂತಿದ್ದೆ. ಆಮೇಲೆ ತಂಬಿಗೆ ತೆಗೆದುಕೊಂಡು ಒಳಗೆ ಬಂದು, ಅಕ್ಕಿ ತೊಳೆದು ಒಬ್ಬಳಿಗೆ ಸಾಕಾಗುವಷ್ಟು ಅನ್ನಕ್ಕಿಟ್ಟೆ.